ಓದುಗರ ಪ್ರಶ್ನೆ, ನಮ್ಮ ಉತ್ತರ: ‘ಗಮ್ಯಂ’ ಹುಡುಗ ನಿಜವಾಗ್ಲೂ ಬದಲಾದ್ನಾ?

ಪ್ರಶ್ನೆ: ಸಾರ್, ಮೊನ್ನೆ ಟಿವಿಲಿ ತೆಲುಗು ‘ಗಮ್ಯಂ’ ನೋಡ್ದೆ. ಕೋಟ್ಯಧಿಪತಿ ಮಗ ಬೈಕ್ ಹತ್ತಿ ನಾಲ್ಕು ಊರು ಸುತ್ತಿದ ಕೂಡ್ಲೇ ಒಳ್ಳೆಯವನಾಗಿಬಿಡ್ತಾನೆ ಅಂದ್ರೆ ಹೆಂಗೆ ನಂಬೋದು? (ಬಳ್ಳಾರಿಯ ಓದುಗರು)

ಉತ್ತರ: ನೋಡದೇ ಇರೋರಿಗೆ ಕಥೆ ಸ್ವಲ್ಪ ಹೇಳ್ಬಿಡ್ತೀನಿ. 2008ರಲ್ಲಿ ಬಂದ ಸಿನಿಮಾ, ನಿರ್ದೇಶಕ ಕ್ರಿಷ್‌ಗೆ ಅದೇ ಮೊದಲನೇದು. ಶರ್ವಾನಂದ್ ಮಾಡಿರೋ ಅಭಿರಾಮ್‌ಗೆ ದುಡ್ಡಿನ ಚಿಂತೆ ಅಂದ್ರೇನು ಅಂತಾನೇ ಗೊತ್ತಿಲ್ಲ. ಅನಾಥೆಯಾಗಿ ಬೆಳೆದು ಡಾಕ್ಟರ್ ಆದ ಜಾನಕಿ (ಕಮಲಿನಿ ಮುಖರ್ಜಿ) ಕಣ್ಣಿಗೆ ಬೀಳ್ತಾಳೆ, ಇವಳನ್ನ ಒಲಿಸ್ಕೊಳ್ತೀನಿ ಅಂತ ಫ್ರೆಂಡ್ಸ್ ಜೊತೆ ಬೆಟ್ ಕಟ್ತಾನೆ, ಆಮೇಲೆ ನಿಜವಾಗ್ಲೂ ಪ್ರೀತಿ ಆಗುತ್ತೆ, ಅಷ್ಟೊತ್ತಿಗೆ ಬೆಟ್ ವಿಷ್ಯ ಅವಳಿಗೆ ಗೊತ್ತಾಗಿರುತ್ತೆ. ಒಂದು ಆಕ್ಸಿಡೆಂಟ್ ಆದ ಮೇಲೆ ಅವಳು ಎಲ್ಲಿ ಹೋದ್ಲು ಅಂತಾನೇ ಸುಳಿವಿಲ್ಲ. ಇವನು ಬೈಕ್ ತಗೊಂಡು ಹುಡುಕೋಕೆ ಹೊರಡ್ತಾನೆ, ದಾರಿಯಲ್ಲಿ ಗಾಳಿ ಸೀನು ಅನ್ನೋನು ಜೊತೆಯಾಗ್ತಾನೆ.

ಇಲ್ಲಿ ಒಂದು ವಿಷ್ಯ ಗಮನಿಸಿ, ಅವನು ತನ್ನನ್ನ ತಾನು ಕಂಡ್ಕೊಳ್ಳೋಕೆ ಅಂತ ಹೊರಟೋನೇ ಅಲ್ಲ, ಅವಳು ಬೇಕು ಅಷ್ಟೇ. ನಂಗೆ ಈ ಕಥೆ ನಂಬಿಕೆ ಬರೋದು ಅದಕ್ಕೇನೇ. ಬದಲಾಗ್ಬೇಕು ಅಂತ ತೀರ್ಮಾನ ಮಾಡ್ಕೊಂಡು ಬ್ಯಾಗ್ ಪ್ಯಾಕ್ ಮಾಡೋನು ಮೊದಲ ದಿನದಿಂದ್ಲೇ ತನ್ನ ಒಳ್ಳೆತನ ತಾನೇ ನೋಡ್ಕೊಳ್ತಾ ಇರ್ತಾನೆ. ಅಭಿರಾಮ್‌ಗೆ ಆ ಪುರುಸೊತ್ತಿಲ್ಲ. ಗುರುತು ಪರಿಚಯ ಇಲ್ಲದ ಊರಲ್ಲಿ ಗಾಡಿ ನಿಲ್ಸಬೇಕು, ಇಳೀಬೇಕು, ಎದುರಿಗೆ ಸಿಕ್ಕೋರ ಹತ್ರ ಈ ಥರದ ಡಾಕ್ಟರಮ್ಮನ್ನ ನೋಡಿದ್ರಾ ಅಂತ ಕೇಳ್ಬೇಕು, ಅವ್ರು ಉತ್ತರ ಕೊಡೋವರ್ಗೂ ಕಾಯ್ಬೇಕು. ಹುಟ್ಟಿದಾಗಿಂದ ಯಾರ ಹತ್ರಾನೂ ಏನೂ ಕೇಳೋ ಪ್ರಮೇಯಾನೇ ಬರದೇ ಇದ್ದ ಹುಡುಗ ಅವನು, ಬಾಯಿ ಬಿಡೋಕೆ ಮುಂಚೆ ಎಲ್ಲಾ ಕೈಗೆ ಬಂದಿರೋದು. ಶ್ರೀಮಂತಿಕೆ ಅಂದ್ರೆ ಮುಕ್ಕಾಲು ಭಾಗ ಅದೇ ಅಲ್ವಾ, ಇನ್ನೊಬ್ಬರ ಹಂಗು ಇಲ್ಲ ಅನ್ನೋ ಭಾವನೆ. ಆ ಭಾವನೆ ದಾರಿಯಲ್ಲಿ ಸವೆದು ಹೋಗುತ್ತೆ, ಯಾರೂ ಕೂರಿಸ್ಕೊಂಡು ಉಪದೇಶ ಮಾಡಿದ್ದಕ್ಕಲ್ಲ.

ಹಾಗಂತ ನಿಮ್ಮ ಮಾತು ಪೂರ್ತಿ ತಳ್ಳಿಹಾಕಲ್ಲ. ನಡುವಿನ ಕೆಲವು ಪ್ರಸಂಗಗಳು ಇವನಿಗೆ ಪಾಠ ಹೇಳೋಕೇ ಕಾಯ್ತಾ ನಿಂತಿದ್ವು ಅನ್ನೋ ಥರ ಇವೆ, ನಿಜ.

ಪ್ರಶ್ನೆ: ಗಾಳಿ ಸೀನು ಸಾಯೋದು ಯಾಕೆ ಬೇಕಿತ್ತು? ಶ್ರೀಮಂತನಿಗೆ ಬುದ್ಧಿ ಬರೋಕೆ ಬಡವ ಪ್ರಾಣ ಕೊಡ್ಬೇಕಾ? ನಂಗೆ ಇವತ್ತಿಗೂ ಸಿಟ್ಟಿದೆ. (ರಾಯಚೂರಿನ ಓದುಗರು)

ಉತ್ತರ: ಆ ಸಿಟ್ಟು ನ್ಯಾಯವಾದದ್ದೇ, ಇಟ್ಕೊಳ್ಳಿ. ಎಷ್ಟೋ ಸಿನಿಮಾದಲ್ಲಿ ಹೀರೋ ಪಕ್ಕದಲ್ಲಿರೋ ಬಡ ಫ್ರೆಂಡು ಸಾಯೋದಕ್ಕೇ ಹುಟ್ಟಿರ್ತಾನೆ, ಅವನಿಗೆ ಅಂತ ಒಂದು ಬದುಕೇ ಕೊಟ್ಟಿರಲ್ಲ. ಆದ್ರೆ ಸೀನು ವಿಷ್ಯದಲ್ಲಿ ನಾನು ಸ್ವಲ್ಪ ಬೇರೆ ಥರ ನೋಡ್ತೀನಿ. ಅವನು ಬೈಕ್ ಕಳ್ಳ, ಬಾಯಿ ಮುಚ್ಚಲ್ಲ, ಪ್ರೀತಿ ಗೀತಿ ಅಂತ ಊರೂರು ಅಲೆಯೋ ಅಭಿರಾಮ್‌ನ ನೋಡಿದ್ರೆ ಅವನಿಗೆ ನಗು. ಅಭಿರಾಮ್‌ಗೆ ಅವನು ಯಾವತ್ತೂ ತಲೆ ಬಾಗಲ್ಲ, ಅಣ್ಣಾ ಬುದ್ಧೀ ಅಂತ ಹಿಂದೆ ಹಿಂದೆ ಓಡಾಡಲ್ಲ. ಇವನ ಜೊತೆ ಜಗಳ ಆಡ್ತಾನೆ, ರೇಗಿಸ್ತಾನೆ, ಮನಸ್ಸಿಗೆ ಬಂದಿದ್ದನ್ನ ಮುಖಕ್ಕೆ ಹೇಳ್ತಾನೆ. ಇಬ್ಬರೂ ಒಂದೇ ಸೀಟಲ್ಲಿ ಕೂತು ಒಂದೇ ಧೂಳು ಕುಡಿತಾರೆ. ದುಡ್ಡಿದೆ ಅಂತ ಹೆದರದೇ ಮಾತಾಡೋ ಮನುಷ್ಯ ಅಭಿರಾಮ್‌ಗೆ ಸಿಕ್ಕಿದ್ದೇ ಅಪರೂಪ, ಅದಕ್ಕೇ ಅವನು ಹೋದಾಗ ಕಳ್ಕೊಂಡಿದ್ದು ಏನು ಅಂತ ಅಭಿರಾಮ್‌ಗೂ ಅರ್ಥ ಆಗುತ್ತೆ, ನಮಗೂ ಅರ್ಥ ಆಗುತ್ತೆ.

ಇದರಲ್ಲಿ ಸೀನು ಪಾತ್ರ ಮಾಡಿರೋ ಅಲ್ಲರಿ ನರೇಶ್ ಪಾಲು ದೊಡ್ಡದು. ಅಷ್ಟರವರೆಗೆ ಕಾಮಿಡಿ ಹೀರೋ ಅಂತಲೇ ಜನ ನೋಡ್ತಿದ್ದ ನಟ, ಇದಕ್ಕೆ ಪೋಷಕ ನಟ ಫಿಲ್ಮ್‌ಫೇರ್ ಪ್ರಶಸ್ತಿ ತಗೊಂಡ್ರು. ಇನ್ನೊಂದು ವಿಷ್ಯ, 2019ರ ‘ಮಹರ್ಷಿ’ಯಲ್ಲೂ ಇವರೇ ಬಡ ಫ್ರೆಂಡು, ಮಹೇಶ್ ಬಾಬು ಮಾಡಿರೋ ಸಿಇಒಗೆ ಸ್ನೇಹದ ಋಣ ನೆನಪಿಸೋ ರವಿ. ಎರಡನ್ನೂ ಒಂದಾದ ಮೇಲೆ ಒಂದು ನೋಡಿ, ರವಿ ಒಳ್ಳೆಯವನು, ಆದ್ರೆ ತೀರಾ ಮೌನ, ಸಿನಿಮಾ ಪೂರ್ತಿ ಹೀರೋದೇ ಆಗ್ಬಿಡುತ್ತೆ. ಸೀನು ಹಾಗೆ ಬಿಟ್ಟುಕೊಡಲ್ಲ. ಬಡವನ ಪಾತ್ರಕ್ಕೆ ಸ್ವಂತ ಮಾತು, ಸ್ವಂತ ಹಟ, ಸ್ವಂತ ನಗು ಕೊಡೋದು ಬರೆಯೋರ ಕರ್ತವ್ಯ, ‘ಗಮ್ಯಂ’ ಅದನ್ನ ಮಾಡಿದೆ.

ಪ್ರಶ್ನೆ: ನಮ್ಮ ‘ಸವಾರಿ’ ಇದರ ರೀಮೇಕಾ? ಯಾವ್ದು ಚೆನ್ನಾಗಿದೆ? (ತುಮಕೂರಿನ ಓದುಗರು)

ಉತ್ತರ: ಹೌದು, 2009ರಲ್ಲಿ ಜೇಕಬ್ ವರ್ಗೀಸ್ ಮಾಡಿದ್ದು. ರಘು ಮುಖರ್ಜಿ ಶ್ರೀಮಂತ ಹುಡುಗ, ಶ್ರೀನಗರ ಕಿಟ್ಟಿ ಬೈಕ್ ಕಳ್ಳ, ನಾಯಕಿ ಮಾತ್ರ ತೆಲುಗಿನಲ್ಲಿದ್ದ ಕಮಲಿನಿಯವರೇ. ತಮಿಳಿಗೂ ಬಂಗಾಳಿಗೂ ಹೋಗಿದೆ ಈ ಕಥೆ. ಕಿಟ್ಟಿ ಕೆಲಸ ನಂಗೆ ತುಂಬಾ ಇಷ್ಟ, ಮಣಿಕಾಂತ್ ಕದ್ರಿ ಸಂಗೀತದ ‘ಮರಳಿ ಮರೆಯಾಗಿ’ ಕನ್ನಡದವರು ಇವತ್ತಿಗೂ ಗುನುಗ್ತಾರೆ. ಆದ್ರೂ ಒಂದೇ ನೋಡೋದಾದ್ರೆ ತೆಲುಗು ನೋಡಿ ಅಂತೀನಿ, ಯಾಕಂದ್ರೆ ಅದರಲ್ಲಿ ಸಿರಿವೆನ್ನೆಲ ಸೀತಾರಾಮ ಶಾಸ್ತ್ರಿಯವರು ಬರೆದ ‘ಎಂತವರಕು’ ಹಾಡಿದೆ. 2021ರಲ್ಲಿ ತೀರಿಕೊಂಡ್ರು, ಅಂಥ ಕವಿ ಮತ್ತೆ ಸಿಗೋದು ಕಷ್ಟ. ತೆಲುಗು ಬರ್ದಿದ್ರೆ ಪಕ್ಕದಲ್ಲಿ ಯಾರನ್ನಾದ್ರೂ ಕೂರಿಸ್ಕೊಂಡು ಅರ್ಥ ಕೇಳಿ, ಇಡೀ ಪ್ರಯಾಣ ಆ ಹಾಡಲ್ಲೇ ಇದೆ.

ಪ್ರಶ್ನೆ: ಇದೇ ಥರದ ಬೇರೆ ತೆಲುಗು ಸಿನಿಮಾ ಹೇಳಿ. (ಮೈಸೂರಿನ ಓದುಗರು)

ಉತ್ತರ: 2015ರ ‘ಎವಡೇ ಸುಬ್ರಮಣ್ಯಂ’. ‘ಮಹಾನಟಿ’ ಮಾಡಿದ ನಾಗ್ ಅಶ್ವಿನ್ ಅವರ ಮೊದಲ ಸಿನಿಮಾ. ಕೆಲಸ, ಪ್ರಮೋಷನ್ ಅಂತಾನೇ ಬದುಕ್ತಿರೋ ನಾನಿ, ತೀರಿಹೋದ ಫ್ರೆಂಡ್‌ನ ಅಸ್ಥಿ ತಗೊಂಡು ಹಿಮಾಲಯದ ದೂಧ್ ಕಾಶಿಗೆ ಹೋಗೋ ಕಥೆ. ಅದೇ ವರ್ಷದ ‘ಶ್ರೀಮಂತುಡು’ ಕೂಡ ಇದೆ, ಅದು ಹಳ್ಳಿ ದತ್ತು ತಗೊಳ್ಳೋ ಕಥೆ, ಆಮೇಲೆ ಅದರ ಹೀರೋ ಮಹೇಶ್ ಬಾಬು ತೆನಾಲಿ ಹತ್ರದ ತಮ್ಮ ತಂದೆಯ ಊರು ಬುರ್ರಿಪಾಲೆಂ ದತ್ತು ತಗೊಂಡ್ರು. ಕೆಲಸ ದೊಡ್ಡದು, ಸಿನಿಮಾದಲ್ಲಿ ಮಾತ್ರ ಹೀರೋ ಶುರುವಿನಿಂದ್ಲೇ ಒಳ್ಳೆಯವನು, ಬದಲಾಗೋಕೆ ಜಾಸ್ತಿ ಏನೂ ಇಲ್ಲ.

ಪ್ರಶ್ನೆ: ನನ್ನ ಮಗ ಡಿಗ್ರಿ ಓದ್ತಿದ್ದಾನೆ, ಕೇಳಿದ್ದೆಲ್ಲ ಕೊಡಿಸಿದ್ದೀವಿ, ಯಾರ ಮೇಲೂ ಕಾಳಜಿ ಇಲ್ಲ. ‘ಗಮ್ಯಂ’ ತೋರಿಸಿದ್ರೆ ಉಪಯೋಗ ಆಗುತ್ತಾ? (ಹೆಸರು, ಊರು ಬೇಡ ಅಂದಿದ್ದಾರೆ)

ಉತ್ತರ: ತೋರಿಸಿ ಅಮ್ಮಾ, ಆದ್ರೆ ‘ನೋಡು, ನೀನೂ ಹೀಗೇ ಇದ್ದೀಯ’ ಅಂತ ಮಾತ್ರ ಹೇಳ್ಬೇಡಿ, ಆವಾಗ ಅವನು ಸಿನಿಮಾ ನೋಡಲ್ಲ, ನಿಮ್ಮ ಮುಖ ನೋಡ್ತಾನೆ. ಜೊತೇಲಿ ಕೂತು ನೋಡಿ, ಮುಗಿದ ಮೇಲೆ ಸೀನು ಬಗ್ಗೆ ಮಾತಾಡಿ, ಅಭಿರಾಮ್ ಬಗ್ಗೆ ಬೇಡ. ಇನ್ನೊಂದು, ಮುಂದಿನ ರಜೆಯಲ್ಲಿ ಅವನನ್ನ ಕಾರಲ್ಲಿ ಕರ್ಕೊಂಡು ಹೋಗ್ಬೇಡಿ. ಬಸ್ಸಲ್ಲಿ ಒಬ್ಬನೇ ಯಾರಾದ್ರೂ ನೆಂಟರ ಊರಿಗೆ ಹೋಗಿಬರ್ಲಿ, ದಾರಿ ಅವನೇ ಕೇಳ್ಕೊಳ್ಳಲಿ.