ಗ್ರೀಕ್ ಅಕ್ಷರದ ಮನೆಗೆ ಮಕ್ಕಳು ಏಕೆ ಸೇರುತ್ತಾರೆ?

ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ನನ್ನ ಮಗ ಅಮೆರಿಕದ ಒಂದು ವಿಶ್ವವಿದ್ಯಾಲಯದಲ್ಲಿ ಪದವಿಯ ಮೊದಲ ವರ್ಷದಲ್ಲಿ ಓದುತ್ತಿದ್ದಾನೆ. ಹೋದ ವಾರ ಫೋನಿನಲ್ಲಿ ಮಾತನಾಡುವಾಗ, ತಾನು ಫ್ರಟರ್ನಿಟಿಗೆ, ಅಂದರೆ ಗ್ರೀಕ್ ಅಕ್ಷರಗಳ ಹೆಸರಿನ ಹುಡುಗರ ಸಂಘವೊಂದಕ್ಕೆ, ಸೇರಬೇಕೆಂದಿರುವುದಾಗಿಯೂ ಅದಕ್ಕೆ ಸೆಮಿಸ್ಟರಿಗೆ ಎಂಟುನೂರು ಡಾಲರ್ ಕಟ್ಟಬೇಕೆಂದೂ ಹೇಳಿದ. ನಮ್ಮ ಮನೆಯವರು ಅದು ಕುಡಿತದ, ರ‍್ಯಾಗಿಂಗಿನ ಗುಂಪೆಂದು ಕೇಳಿದ್ದಾರೆ. ಖಂಡಿತ ಬೇಡವೆಂದು ಗದರಿದರು. ಅಂದಿನಿಂದ ಮಗ ಸರಿಯಾಗಿ ಮಾತನಾಡುತ್ತಿಲ್ಲ. ಮಕ್ಕಳು ಇಂಥದಕ್ಕೆ ಏಕೆ ಸೇರುತ್ತಾರೆ? ನಾವು ಏನು ಹೇಳಬೇಕು?
— ಒಬ್ಬ ತಾಯಿ, ಹಾಸನ

ಉತ್ತರ: ಈ ಉತ್ತರ ಓದಿದ ದಿನವೇ ಮಗನಿಗೆ ಫೋನ್ ಮಾಡಿ. ಬೇಡವೆಂದೂ ಹೇಳಬೇಡಿ, ಆಗಲಿ ಎಂದೂ ಹೇಳಬೇಡಿ. ರಾತ್ರಿ ಊಟವನ್ನು ಯಾರ ಜೊತೆ ಮಾಡುತ್ತೀಯ ಎಂದು ಕೇಳಿ. ಅವನ ಆಸೆಯ ಕಾರಣ ಬಹುಮಟ್ಟಿಗೆ ಆ ಒಂದು ಉತ್ತರದಲ್ಲೇ ನಿಮಗೆ ಸಿಗುತ್ತದೆ.

ನಾನು ಅಲ್ಲಿನ ವಿಶ್ವವಿದ್ಯಾಲಯವೊಂದರಲ್ಲಿ ಹದಿನಾಲ್ಕು ವರ್ಷ ವಿದ್ಯಾರ್ಥಿಗಳ ಸಲಹೆಗಾರ್ತಿಯಾಗಿದ್ದೆ. ನಮ್ಮ ಕಡೆಯಿಂದ ಬಂದಿದ್ದ ಹುಡುಗನೊಬ್ಬ ಮೊದಲ ಎರಡು ತಿಂಗಳು ರಾತ್ರಿಯ ಊಟವನ್ನು ಡಬ್ಬಿಗೆ ಹಾಕಿಸಿಕೊಂಡು ಕೋಣೆಗೆ ಹೋಗಿ, ಬಾಗಿಲು ಹಾಕಿಕೊಂಡು ತಿನ್ನುತ್ತಿದ್ದ. ನೂರಾರು ಜನ ಕೂರುವ ಆ ಊಟದ ಹಾಲಿನಲ್ಲಿ ಒಬ್ಬನೇ ಕೂತಿರುವುದನ್ನು ಎಲ್ಲರೂ ನೋಡುತ್ತಾರೆಂಬ ನಾಚಿಕೆ ಅವನಿಗೆ. ಆಮೇಲೆ ಅವನೊಂದು ಫ್ರಟರ್ನಿಟಿಗೆ ಸೇರಿದ. ಹೊಸಬನಿಗೆ ಹಿರಿಯನೊಬ್ಬನನ್ನು ಅಣ್ಣನಂತೆ ಗೊತ್ತುಮಾಡುವ ಪದ್ಧತಿ ಅಲ್ಲಿದೆ. ಅವನನ್ನು ‘ಬಿಗ್’ ಎನ್ನುತ್ತಾರೆ. ಫೆಬ್ರವರಿಯ ಹಿಮದಲ್ಲಿ ಈ ಹುಡುಗ ಜ್ವರ ಬಂದು ಮಲಗಿದಾಗ, ಅವನ ‘ಬಿಗ್’ ಬಿಸಿ ಸೂಪನ್ನೂ ತಪ್ಪಿಹೋಗಿದ್ದ ತರಗತಿಗಳ ನೋಟ್ಸನ್ನೂ ಬಾಗಿಲಿಗೆ ತಂದುಕೊಟ್ಟನಂತೆ. ವಾರದ ನಂತರ ಹುಡುಗ ನನ್ನ ಕೊಠಡಿಗೆ ಬಂದು, ಆ ಸೂಪಿನ ಡಬ್ಬಿಗೆ ಅಂಟಿಸಿದ್ದ ಚೀಟಿಯನ್ನು ಜೋಪಾನವಾಗಿ ತೆಗೆದು ತೋರಿಸಿದ. ಅದರಲ್ಲಿ ಅವನ ಉದ್ದನೆಯ ಹೆಸರನ್ನು ಒಂದಕ್ಷರವೂ ತಪ್ಪದೆ ಬರೆದಿತ್ತು. ಆ ಊರಿನಲ್ಲಿ ತನ್ನ ಹೆಸರನ್ನು ಯಾರೋ ಸರಿಯಾಗಿ ಬರೆದದ್ದು ಅದೇ ಮೊದಲೆಂದು ಹೇಳುವಾಗ ಅವನ ಕಣ್ಣು ತುಂಬಿ ಬಂದಿತ್ತು.

ಮಕ್ಕಳು ಸೇರಲು ಹೇಳುವ ಕಾರಣಗಳು ಹತ್ತಾರಿದ್ದರೂ, ನಾನು ಕಂಡಂತೆ ತಾಯಿಬೇರು ಇದೇ. ಮೂವತ್ತು ನಲವತ್ತು ಸಾವಿರ ವಿದ್ಯಾರ್ಥಿಗಳಿರುವ ಜಾಗದಲ್ಲಿ ನಲವತ್ತು ಐವತ್ತು ಜನರ ಒಂದು ಮನೆ ಬೇಕೆನಿಸುತ್ತದೆ. ಇವತ್ತು ಬರಲಿಲ್ಲವೇಕೆ ಎಂದು ಕೇಳುವವರು ಬೇಕೆನಿಸುತ್ತದೆ. ಪರವೂರಿನಲ್ಲಿ ವಾರಾನ್ನ ಮಾಡಿಕೊಂಡು ಓದಿದ ನಮ್ಮ ಹಿರಿಯರಿಗೆ, ಮಠದ ಹಾಸ್ಟೆಲಿನ ಪಂಕ್ತಿಯಲ್ಲಿ ಕೂತು ಬೆಳೆದವರಿಗೆ ಈ ಹಸಿವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈ ಸಂಘಗಳ ಹುಟ್ಟೂ ಅಂಥದೇ. 1776ರ ಡಿಸೆಂಬರ್ 5ರಂದು ವರ್ಜೀನಿಯಾದ ವಿಲಿಯಂ ಅಂಡ್ ಮೇರಿ ಕಾಲೇಜಿನ ಕೆಲವು ವಿದ್ಯಾರ್ಥಿಗಳು ಫೈ ಬೀಟಾ ಕಪ್ಪ ಎಂಬ ಗುಟ್ಟಿನ ಸಂಘ ಕಟ್ಟಿಕೊಂಡರು. ಜ್ಞಾನದ ಪ್ರೀತಿಯೇ ಬಾಳಿನ ಚುಕ್ಕಾಣಿ ಎಂಬರ್ಥದ ಗ್ರೀಕ್ ವಾಕ್ಯದ ಮೊದಲಕ್ಷರಗಳೇ ಅದರ ಹೆಸರು. ಮುಂದೆ ಅದು ಚೆನ್ನಾಗಿ ಓದುವವರನ್ನು ಗೌರವಿಸುವ ಸಂಸ್ಥೆಯಾಯಿತು. ಈಗಿನ ರೂಪದ ಫ್ರಟರ್ನಿಟಿಗಳು ನ್ಯೂಯಾರ್ಕ್ ರಾಜ್ಯದ ಯೂನಿಯನ್ ಕಾಲೇಜಿನಲ್ಲಿ 1825ರ ಸುಮಾರಿಗೆ ಆರಂಭವಾದವು. ತರಗತಿಯಲ್ಲಿ ಲ್ಯಾಟಿನ್ ಪಾಠ ಒಪ್ಪಿಸಿ ಬೇಸತ್ತ ಹುಡುಗರು, ಅಧ್ಯಾಪಕರ ಕಣ್ಣು ತಪ್ಪಿಸಿ ತಮಗೆ ಬೇಕಾದದ್ದನ್ನು ಓದಲು, ವಾದಿಸಲು, ಸ್ನೇಹ ಬೆಳೆಸಲು ಕಟ್ಟಿಕೊಂಡ ಕೂಟಗಳು ಅವು.

ಇನ್ನು ನಿಮ್ಮ ಯಜಮಾನರ ಭಯದ ವಿಚಾರ. ಅವರು ಕೇಳಿರುವುದು ಸುಳ್ಳಲ್ಲ. ಹೊಸಬರನ್ನು ಪರೀಕ್ಷೆಯ ಹೆಸರಿನಲ್ಲಿ ಹಿಂಸಿಸುವುದನ್ನು ಅಲ್ಲಿ ಹೇಜಿಂಗ್ ಎನ್ನುತ್ತಾರೆ. 2017ರ ಫೆಬ್ರವರಿಯಲ್ಲಿ ಪೆನ್ಸಿಲ್ವೇನಿಯಾ ಸ್ಟೇಟ್ ವಿಶ್ವವಿದ್ಯಾಲಯದ ಒಂದು ಫ್ರಟರ್ನಿಟಿ ಮನೆಯಲ್ಲಿ, ಹತ್ತೊಂಬತ್ತು ವರ್ಷದ ಹುಡುಗನಿಗೆ ಸೇರ್ಪಡೆಯ ರಾತ್ರಿ ಅಲ್ಪ ಸಮಯದಲ್ಲಿ ವಿಪರೀತ ಮದ್ಯ ಕುಡಿಸಿದರು. ಅವನು ನೆಲಮಾಳಿಗೆಯ ಮೆಟ್ಟಿಲಿನಿಂದ ಉರುಳಿ ಬಿದ್ದ ಮೇಲೂ, ಅವನನ್ನು ತಮ್ಮ ಎಂದು ಕರೆದವರು ಬೆಳಗಿನವರೆಗೆ ಆಂಬುಲೆನ್ಸ್ ಕರೆಸಲಿಲ್ಲ. ಅವನು ತೀರಿಕೊಂಡ. ಈ ಸಾವನ್ನು ನೆನೆದಾಗಲೆಲ್ಲ ನನಗೆ ಈಗಲೂ ಸಂಕಟವಾಗುತ್ತದೆ, ಏಕೆಂದರೆ ಅವನೂ ಬಹುಶಃ ಆ ಸೂಪಿನ ಡಬ್ಬಿಯಂಥ ಪ್ರೀತಿಯನ್ನು ಹುಡುಕಿಕೊಂಡೇ ಅಲ್ಲಿಗೆ ಹೋಗಿದ್ದ. ಒಂಟಿತನ ಕಾಡುವ ಹುಡುಗ ಬೇಡವೆನ್ನಲಾರ. ಬೇಡವೆಂದರೆ ಸಿಕ್ಕ ಮನೆ ಕೈತಪ್ಪೀತೆಂದು ಹೆದರುತ್ತಾನೆ. ಸೇರಲು ಇರುವ ಅತ್ಯಂತ ಒಳ್ಳೆಯ ಕಾರಣವೇ ಅವನನ್ನು ಅಪಾಯಕ್ಕೂ ಒಡ್ಡುತ್ತದೆ. ನಿಮ್ಮ ಮಗನೊಡನೆ ಬಿಡಿಸಿ ಮಾತನಾಡಬೇಕಾದದ್ದು ಇದನ್ನೇ.

ಅಮೆರಿಕದಲ್ಲಿ 21 ವರ್ಷ ತುಂಬದವರು ಮದ್ಯ ಕೊಳ್ಳುವುದು ಕಾನೂನುಬಾಹಿರ ಎಂಬುದನ್ನೂ, ಕುಡಿದು ವಾಹನ ಓಡಿಸಿ ಸಿಕ್ಕಿಬಿದ್ದರೆ ವಿದ್ಯಾರ್ಥಿ ವೀಸಾಕ್ಕೇ ಸಂಚಕಾರ ಬರಬಹುದೆಂಬುದನ್ನೂ ಅವನಿಗೆ ಸ್ಪಷ್ಟವಾಗಿ ಹೇಳಿ. ಶುಲ್ಕದ ಲೆಕ್ಕವನ್ನೂ ಮೊದಲೇ ಕೇಳಿ, ಏಕೆಂದರೆ ಎಂಟುನೂರು ಡಾಲರ್ ಬರೀ ಸದಸ್ಯತ್ವಕ್ಕೋ, ಬಟ್ಟೆ, ಪ್ರವಾಸ, ಔತಣಗಳಿಗೆ ಬೇರೆ ಕೊಡಬೇಕೋ ಎಂಬುದು ಸೇರಿದ ಮೇಲಷ್ಟೇ ತಿಳಿಯುವುದುಂಟು. ಸಂಘದ ಮನೆಯಲ್ಲೇ ವಾಸಕ್ಕೆ ಹೋದರೆ ಖರ್ಚು ಸಾವಿರಾರು ಡಾಲರಿಗೆ ಏರುತ್ತದೆ. ನಮ್ಮ ಮಕ್ಕಳಿಗೆ ತರಗತಿಗಳು ನಡೆಯುವಾಗ ಕ್ಯಾಂಪಸ್ಸಿನೊಳಗೆ ವಾರಕ್ಕೆ 20 ಗಂಟೆಗಿಂತ ಹೆಚ್ಚು ದುಡಿಯಲು ಅನುಮತಿಯಿಲ್ಲವಾದ್ದರಿಂದ, ಹಣ ಕಡಿಮೆ ಬಿದ್ದರೆ ಅದು ನಿಮ್ಮ ಮೇಲೆಯೇ ಬೀಳುತ್ತದೆ.

ಒಂದು ಅನುಕೂಲ ಈಗ ಇದೆ. 2024ರ ಡಿಸೆಂಬರಿನಲ್ಲಿ ಅಮೆರಿಕ ಒಂದು ಕೇಂದ್ರ ಕಾನೂನು ಮಾಡಿದೆ. ಅದರ ಪ್ರಕಾರ, ಹೇಜಿಂಗ್ ನಡೆಸಿದ್ದು ಸಾಬೀತಾದ ಸಂಘಗಳ ವಿವರವನ್ನು ವಿಶ್ವವಿದ್ಯಾಲಯಗಳು ತಮ್ಮ ಜಾಲತಾಣದಲ್ಲಿ ಪ್ರಕಟಿಸಬೇಕು. ಮಗ ಸೇರಬೇಕೆಂದಿರುವ ಶಾಖೆಯ ಹೆಸರು ಅಲ್ಲಿದೆಯೇ ಎಂದು ನೀವಿಬ್ಬರೂ ಅವನೊಡನೆ ಕೂತು, ವಿಡಿಯೊ ಕರೆಯಲ್ಲಾದರೂ ಸರಿ, ನೋಡಿ. ಹೆಸರಿದ್ದರೆ ಆ ಮಾತನ್ನು ಅಲ್ಲಿಗೇ ಬಿಡಿ. ಇಲ್ಲದಿದ್ದರೆ, ಒಂದು ಸೆಮಿಸ್ಟರ್ ಕಳೆಯಲಿ ಎನ್ನಿ. ಕೆಲವು ವಿಶ್ವವಿದ್ಯಾಲಯಗಳು ಮೊದಲ ಸೆಮಿಸ್ಟರಿನಲ್ಲಿ ಸೇರಲು ಅವಕಾಶವನ್ನೇ ಕೊಡುವುದಿಲ್ಲ, ಅದು ಒಳ್ಳೆಯ ನಿಯಮ. ಅಷ್ಟರಲ್ಲಿ ಆ ಮನೆಯ ಹುಡುಗರನ್ನು ಔತಣದ ದಿನ ನೋಡಿದರೆ ಸಾಲದು; ಪರೀಕ್ಷೆಯ ಹಿಂದಿನ ರಾತ್ರಿ, ಭಾನುವಾರ ಬೆಳಿಗ್ಗೆ ಹೋಗಿ ನೋಡಲಿ. ಕುಡಿಯುವುದಿಲ್ಲ ಎಂದು ಒಮ್ಮೆ ಹೇಳಿ ನೋಡಲಿ. ಆಗಲಿ ಎಂದು ಲೋಟಕ್ಕೆ ನೀರು ಹಾಕಿಕೊಟ್ಟು ಮಾತು ಮುಂದುವರಿಸುವ ಮನೆಯಾದರೆ, ನನ್ನ ಮಗನನ್ನಾದರೂ ನಾನು ಕಳಿಸುತ್ತಿದ್ದೆ.

ಪ್ರಶ್ನೆ: ನಾನು ಮೈಸೂರಿನಲ್ಲಿ ಪಿಯುಸಿ ಮುಗಿಸಿದ್ದೇನೆ, ಆಗಸ್ಟಿನಲ್ಲಿ ಪದವಿಗೆಂದು ಟೆಕ್ಸಾಸಿಗೆ ಹೋಗುತ್ತಿದ್ದೇನೆ. ಅಲ್ಲೇ ಬೆಳೆದ ನನ್ನ ದೊಡ್ಡಪ್ಪನ ಮಗಳು, ಸೊರಾರಿಟಿಗೆ, ಅಂದರೆ ಫ್ರಟರ್ನಿಟಿಯಂಥ ಹುಡುಗಿಯರ ಸಂಘಕ್ಕೆ, ಸೇರಿದರೆ ಮುಂದೆ ಕೆಲಸ ಸುಲಭವಾಗಿ ಸಿಗುತ್ತದೆ ಎನ್ನುತ್ತಾಳೆ. ನಮ್ಮವರದೇ ಸೊರಾರಿಟಿಗಳೂ ಇವೆಯಂತೆ. ಸೇರಬಹುದೇ?
— ಓದುಗಿ, ಮೈಸೂರು

ಉತ್ತರ: ನಿಮ್ಮ ಅಕ್ಕ ಹೇಳುವುದರಲ್ಲಿ ಸತ್ಯಾಂಶವಿದೆ, ಆದರೆ ಅದನ್ನು ಅಳೆದು ತೆಗೆದುಕೊಳ್ಳಬೇಕು. ಹಳೆಯ ಸದಸ್ಯರು ತಮ್ಮ ಸಂಘದ ಕಿರಿಯರಿಗೆ ಸಂದರ್ಶನಕ್ಕೆ ದಾರಿ ಮಾಡಿಕೊಡುವುದು, ಅರ್ಜಿ ತಿದ್ದಿಕೊಡುವುದು ನಿಜವಾಗಿ ನಡೆಯುತ್ತದೆ. ಅಲ್ಲಿನ ಒಂದು ಕಾಲೇಜಿನ ಹಳೆಯ ವಿದ್ಯಾರ್ಥಿಗಳನ್ನು, ಪುರುಷರನ್ನು ಮಾತ್ರ, ಅರ್ಥಶಾಸ್ತ್ರಜ್ಞರು ಅಧ್ಯಯನ ಮಾಡಿದಾಗ, ಫ್ರಟರ್ನಿಟಿ ಸೇರಿದ್ದರಿಂದ ನಾಲ್ಕು ಅಂಕದ ಮಾಪನದಲ್ಲಿ ಓದಿನ ಅಂಕಗಳ ಸರಾಸರಿ ಸುಮಾರು 0.25ರಷ್ಟು ಇಳಿದರೂ, ಮುಂದಿನ ಆದಾಯ ಸುಮಾರು 36 ಶೇಕಡಾ ಹೆಚ್ಚಿತ್ತೆಂದು ಕಂಡಿತು. ಒಂದೇ ಕಾಲೇಜಿನ ಹುಡುಗರ ಲೆಕ್ಕವನ್ನು ಹೊರದೇಶದಿಂದ ಹೋದ ಹುಡುಗಿಗೆ ಹಾಗೆಯೇ ಅನ್ವಯಿಸಲು ನನಗೆ ಧೈರ್ಯವಿಲ್ಲ. ಅಮೆರಿಕದ ಅಧ್ಯಕ್ಷರಾಗಿದ್ದ ರೇಗನ್, ಫೋರ್ಡ್, ಇಬ್ಬರು ಬುಷ್‌ಗಳು ಫ್ರಟರ್ನಿಟಿ ಸದಸ್ಯರಾಗಿದ್ದರೆಂದು ಯಾರಾದರೂ ಹೇಳಿದರೆ, ಬುಷ್ ಮನೆತನದ ಮಕ್ಕಳಿಗೆ ಆ ಸಂಘವಿಲ್ಲದೆಯೂ ಬಾಗಿಲು ತೆರೆದೇ ಇತ್ತೆಂಬುದನ್ನು ನೆನಪಿಡಿ. ಅಲ್ಲದೆ ಓದು ಮುಗಿದ ಮೇಲೆ ನಿಮಗೆ ಬೇಕಾಗುವುದು ವೀಸಾ ಪ್ರಾಯೋಜಿಸುವ ಉದ್ಯೋಗದಾತರು. ಅವರು ಮೊದಲು ನೋಡುವುದು ಅಂಕ ಮತ್ತು ಇಂಟರ್ನ್‌ಶಿಪ್ಪುಗಳನ್ನು.

ಹಾಗಾಗಿ ಕೆಲಸಕ್ಕೆಂದೇ ಸೇರಬೇಡಿ. ಸೊರಾರಿಟಿಗಳ ಚರಿತ್ರೆಯಲ್ಲಿ ಅದಕ್ಕಿಂತ ಗಟ್ಟಿಯಾದ ಕಾರಣ ಸಿಗುತ್ತದೆ. ಹುಡುಗರ ಕಾಲೇಜುಗಳಿಗೆ ಹೆಣ್ಣುಮಕ್ಕಳು ಆಗತಾನೆ ಕಾಲಿಡುತ್ತಿದ್ದ ಕಾಲದಲ್ಲಿ, ಸಂಘಗಳೆಲ್ಲ ಗಂಡಸರದೇ ಆಗಿದ್ದಾಗ, ಅವರು ತಮ್ಮವೇ ಸಂಘಗಳನ್ನು ಕಟ್ಟಿಕೊಂಡರು. 1870ರಲ್ಲಿ ಇಂಡಿಯಾನಾದಲ್ಲಿ ಹುಟ್ಟಿದ ಕಪ್ಪ ಆಲ್ಫಾ ಥೀಟಾ ಅಂಥದು. ಜನಾಂಗದ ಕಾರಣಕ್ಕೆ ಹೊರಗಿಟ್ಟವರ ಕಥೆಯೂ ಹೀಗೆಯೇ. 1906ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಏಳು ಕಪ್ಪು ವಿದ್ಯಾರ್ಥಿಗಳು ಆಲ್ಫಾ ಫೈ ಆಲ್ಫಾ ಸಂಘವನ್ನು ಕಟ್ಟಿದರು. ಅದಕ್ಕೂ ಸ್ವಲ್ಪ ಹಿಂದೆ ಅಲ್ಲಿ ಓದಲು ಬಂದಿದ್ದ ಕಪ್ಪು ವಿದ್ಯಾರ್ಥಿಗಳು ಒಂದೇ ವರ್ಷಕ್ಕೆ ಹೊರಟುಹೋಗಿ ಮರಳಿ ಬಂದಿರಲಿಲ್ಲ. ತಮಗೂ ಹಾಗಾಗಬಾರದೆಂದು ಇವರು ಒಟ್ಟಿಗೆ ಕೂತು ಓದತೊಡಗಿದ್ದೇ ಸಂಘದ ಮೂಲ. 1913ರಲ್ಲಿ ಹೊವಾರ್ಡ್ ವಿಶ್ವವಿದ್ಯಾಲಯದಲ್ಲಿ ಡೆಲ್ಟಾ ಸಿಗ್ಮಾ ಥೀಟಾ ಕಟ್ಟಿದ ಕಪ್ಪು ಹುಡುಗಿಯರು, ಎರಡು ತಿಂಗಳೂ ತುಂಬುವ ಮೊದಲೇ ವಾಷಿಂಗ್ಟನ್ನಿನ ಬೀದಿಯಲ್ಲಿ ಮಹಿಳೆಯರ ಮತದಾನದ ಹಕ್ಕಿನ ಮೆರವಣಿಗೆಯಲ್ಲಿ ನಡೆದರು. ಕಮಲಾ ಹ್ಯಾರಿಸ್ ಅದೇ ವಿಶ್ವವಿದ್ಯಾಲಯದ ಇನ್ನೊಂದು ಸೊರಾರಿಟಿಯ, 1908ರ ಆಲ್ಫಾ ಕಪ್ಪ ಆಲ್ಫಾದ, ಸದಸ್ಯೆ. ಈ ಸಂಘಗಳ ಸದಸ್ಯತ್ವ ಕಾಲೇಜಿನೊಂದಿಗೆ ಮುಗಿಯುವುದಿಲ್ಲ. ಅಜ್ಜಿಯಾದ ಮೇಲೂ ಸಭೆಗೆ ಹೋಗುತ್ತಾರೆ.

ದಕ್ಷಿಣ ಏಷ್ಯಾದವರ ಸಂಘಗಳು 1990ರ ದಶಕದವು. 1998ರಲ್ಲೇ ನ್ಯೂಯಾರ್ಕಿನಲ್ಲಿ ಸಿಗ್ಮಾ ಸಿಗ್ಮಾ ರೋ, ನೀವು ಹೋಗುತ್ತಿರುವ ಟೆಕ್ಸಾಸಿನ ಆಸ್ಟಿನ್‌ನಲ್ಲಿ ಕಪ್ಪ ಫೈ ಗ್ಯಾಮಾ ಎಂಬ ಸೊರಾರಿಟಿಗಳು ಹುಟ್ಟಿದವು. ಇವನ್ನು ಕಟ್ಟಿದವರು ಬಹುಮಟ್ಟಿಗೆ ಅಲ್ಲೇ ಬೆಳೆದ, ಮನೆಯಲ್ಲೊಂದು ಹೊರಗೊಂದು ಬಾಳು ಬಾಳಿದ ಮಕ್ಕಳು. ಮೈಸೂರಿನಿಂದ ನೇರವಾಗಿ ಹೋದ ನಿಮಗೆ ಅವರ ದೀಪಾವಳಿ ಆಪ್ತವೆನಿಸಬಹುದು, ಅವರ ಮಾತು ಪರಕೀಯವೆನಿಸಬಹುದು. ಹೋಗಿ ನೋಡಿಯೇ ತಿಳಿಯಬೇಕು.

ದೊಡ್ಡ ಹಳೆಯ ಸೊರಾರಿಟಿಗಳ ಆಯ್ಕೆಯ ವಾರದ ಬಗ್ಗೆ ಮಾತ್ರ ಎಚ್ಚರಿಸಬೇಕು. ದಕ್ಷಿಣದ ಎಷ್ಟೋ ವಿಶ್ವವಿದ್ಯಾಲಯಗಳಲ್ಲಿ ಅದು ತರಗತಿ ಆರಂಭವಾಗುವ ಮೊದಲೇ, ಆಗಸ್ಟಿನ ಸುಡುಬಿಸಿಲಿನಲ್ಲಿ ನಡೆಯುತ್ತದೆ. ಹುಡುಗಿಯರು ಮನೆಯಿಂದ ಮನೆಗೆ ಹೋಗಿ ಕೆಲವು ನಿಮಿಷಗಳಲ್ಲಿ ಮಾತನಾಡಿ ಮೆಚ್ಚಿಸಬೇಕು. ಕೊನೆಯ ದಿನ ಆಯ್ಕೆಯಾದವರಿಗೆ, ಅವರನ್ನು ಕರೆದ ಮನೆಯ ಹೆಸರಿರುವ ಒಂದೊಂದು ಲಕೋಟೆ ಕೊಡುತ್ತಾರೆ. ಸೂಚನೆ ಬರುವವರೆಗೆ ಅದರ ಮೇಲೆ ಕೂತಿರಬೇಕು, ಬಂದೊಡನೆ ಒಡೆದು ತಮ್ಮ ಮನೆಯತ್ತ ಓಡಬೇಕು. ಆ ಸಂತೋಷ ನೋಡಲು ಚೆಂದ. ಆದರೆ ಯಾವ ಮನೆಯೂ ಕರೆಯದ ಹುಡುಗಿಯರು ಅದೇ ಹೊತ್ತಿಗೆ ಕೋಣೆಯಲ್ಲಿ ಪೆಟ್ಟಿಗೆ ಬಿಚ್ಚದೆ ಕೂತಿರುತ್ತಾರೆ. ಅಂಥವರಲ್ಲಿ ಮೂವರು ನಾಲ್ವರು ಪ್ರತಿವರ್ಷ ನನ್ನ ಬಳಿ ಬರುತ್ತಿದ್ದರು. ತಮ್ಮ ಬಟ್ಟೆ, ಉಚ್ಚಾರಣೆ, ನಗು, ಯಾವುದರಲ್ಲಿ ತಪ್ಪಿತ್ತೆಂದು ಕೇಳುತ್ತಿದ್ದರು. ತಪ್ಪು ಅವರದಾಗಿರಲಿಲ್ಲ. ಊರಿಗೆ ಕಾಲಿಟ್ಟ ವಾರದಲ್ಲೇ ಈ ಪರೀಕ್ಷೆಗೆ ನಿಮ್ಮನ್ನು ಒಡ್ಡಿಕೊಳ್ಳಬೇಡಿ. ಮೊದಲು ತರಗತಿ, ಅಡುಗೆ, ಬಸ್ಸಿನ ವೇಳೆ ನಿಮ್ಮ ಹಿಡಿತಕ್ಕೆ ಬರಲಿ. ವಸಂತದಲ್ಲೋ ಎರಡನೆಯ ವರ್ಷದಲ್ಲೋ ಸೇರುವ ಅವಕಾಶ ಅನೇಕ ಸಂಘಗಳಲ್ಲಿ ಇರುತ್ತದೆ.

ಪ್ರಶ್ನೆ: ನನ್ನ ತಮ್ಮ ಎಂ.ಎಸ್. ಓದಲು ಅಮೆರಿಕಕ್ಕೆ ಹೊರಟಿದ್ದಾನೆ. ಅವನೂ ಫ್ರಟರ್ನಿಟಿ ಸೇರಬಹುದೇ?
— ಓದುಗ, ದಾವಣಗೆರೆ

ಉತ್ತರ: ಇವು ಬಹುತೇಕ ಪದವಿ ವಿದ್ಯಾರ್ಥಿಗಳ ಸಂಘಗಳು, ಎಂ.ಎಸ್. ಓದುವವರನ್ನು ಸಾಮಾನ್ಯವಾಗಿ ಸೇರಿಸಿಕೊಳ್ಳುವುದಿಲ್ಲ. ನಿಮ್ಮ ತಮ್ಮನಿಗೆ ವಿಶ್ವವಿದ್ಯಾಲಯದ ಭಾರತೀಯ ವಿದ್ಯಾರ್ಥಿಗಳ ಸಂಘವೂ ಆ ಊರಿನ ಕನ್ನಡ ಕೂಟವೂ ಹೆಚ್ಚು ಉಪಯೋಗಕ್ಕೆ ಬರುತ್ತವೆ. ವಿಮಾನ ಹತ್ತುವ ಮೊದಲೇ ಕೂಟದ ಕಾರ್ಯದರ್ಶಿಗೆ ಒಂದು ಇಮೇಲ್ ಬರೆಯಲಿ: ಯಾವ ದಿನ ಬರುತ್ತೇನೆ, ಎಲ್ಲಿ ಇಳಿಯುತ್ತೇನೆ, ಅಡುಗೆ ಬರುತ್ತದೆಯೋ ಇಲ್ಲವೋ. ಕೊನೆಯದನ್ನು ಮರೆಯದೆ ಬರೆಯಲು ಹೇಳಿ; ಮೊದಲ ಭಾನುವಾರದ ಊಟಕ್ಕೆ ಕರೆಯುವವರು ಸಿಗುವುದು ಹೆಚ್ಚಾಗಿ ಅದನ್ನು ಓದಿದ ಮೇಲೆಯೇ.