ಸನ್‌ರೂಫ್ ಇರೋ ಹಳೇ ಕಾರು, ಮಳೆ ಬಂದರೆ ಮುಂದಿನ ಮ್ಯಾಟ್ ಒದ್ದೆ

ಮುಂದಿನ ಮ್ಯಾಟ್ ಮಳೆ ಬಂದಾಗ ಮಾತ್ರ ಒದ್ದೆಯಾಗುತ್ತಿದ್ದರೆ, ಹೆಚ್ಚಾಗಿ ಸನ್‌ರೂಫಿನ ಡ್ರೈನ್ ಪೈಪ್ ಕಟ್ಟಿಕೊಂಡಿದೆ. ಸನ್‌ರೂಫ್ ಗಾಜಿನ ಸುತ್ತಲಿನ ರಬ್ಬರ್ ಬೀಡಿಂಗ್ ಬದಲಿಸೋಕೆ ಈಗಲೇ ದುಡ್ಡು ಹಾಕಬೇಡಿ. ಅದನ್ನು ದಾಟಿ ಸ್ವಲ್ಪ ನೀರು ಬಂದೇ ಬರುತ್ತೆ, ಹೊರಗೆ ಹಾಕೋದು ಈ ಪೈಪಿನ ಕೆಲಸ.

ಸನ್‌ರೂಫ್ ತೆರೆದು ಮುಂದಿನ ಮೂಲೆಯ ತೂತಿಗೆ ಅರ್ಧ ಲೋಟ ನೀರು ನಿಧಾನವಾಗಿ ಬಿಡಿ. ಪೈಪ್ ಸರಿಯಿದ್ದರೆ ಅದು ಕಾರಿನ ಕೆಳಗೆ ಸುರಿಯಬೇಕು. ಸುರಿಯದೆ ಮೇಲೇ ನಿಂತರೆ, ಬಾಗುವಂಥ ದಪ್ಪ ನೈಲಾನ್ ದಾರದ ತುದಿಯನ್ನು ದುಂಡಗೆ ಮಾಡಿ ಮೆಲ್ಲಗೆ ತೂರಿಸಿ. ಕಂಪ್ರೆಸರ್ ಗಾಳಿ ಜೋರಾಗಿ ಹೊಡೆಸಬೇಡಿ, ಹಳೇ ಪೈಪ್ ಒಳಗೇ ಕಳಚಿಕೊಳ್ಳಬಹುದು. ನೀರು ಮೇಲೂ ನಿಲ್ಲದೆ ಕೆಳಗೂ ಬಾರದೆ ಹೋದರೆ ಆಗಲೇ ಕಳಚಿದೆ ಅಂತ ಅನುಮಾನಪಡಿ, ಗ್ಯಾರೇಜಿನಲ್ಲಿ ಬಿಚ್ಚಿಸಿ ನೋಡಿಸಿ.

ಆಮೇಲೆ ಕಾರ್ಪೆಟ್ ಎತ್ತಿ ಅಡಿಯ ಫೋಮ್ ಹಿಂಡಿ ನೋಡಿ. ಮೇಲೆ ಒಣಗಿದ್ದರೂ ಅದು ನೀರು ಹಿಡಿದಿರುತ್ತೆ, ತುಕ್ಕು ಶುರುವಾಗೋದೇ ಅಲ್ಲಿ. ಪೂರ್ತಿ ಒಣಗಿಸಿ, ತುಕ್ಕು ಉಜ್ಜಿ, ಪ್ರೈಮರ್ ಹಚ್ಚಿದ ಮೇಲೇ ಕಾರ್ಪೆಟ್ ಹಾಕಿ.