ಕೃಷಿ ಸಾಲ ಹೆಚ್ಚಿದರೂ ಅಡತಿ ಅಂಗಡಿಯ ಸಾಲ ಏಕೆ ತಪ್ಪಲಿಲ್ಲ?

ಪ್ರಶ್ನೆ: ಕೃಷಿ ಸಾಲದ ಮೊತ್ತ ವರ್ಷದಿಂದ ವರ್ಷಕ್ಕೆ ಏರುತ್ತಿದೆ ಎನ್ನುತ್ತಾರೆ. ಆದರೂ ತೊಗರಿ ಬಿತ್ತನೆಯ ಹೊತ್ತಿಗೆ ನಮ್ಮೂರಿನ ಹೆಚ್ಚಿನವರು ಸಾಲಕ್ಕಾಗಿ ಅಡತಿ ಅಂಗಡಿಗೇ (ಫಸಲು ಮಾರಿಸಿಕೊಡುವ ಕಮಿಷನ್ ಏಜೆಂಟರಲ್ಲಿಗೆ) ಹೋಗುತ್ತಾರೆ. ಉದಾರೀಕರಣದಿಂದ ಬ್ಯಾಂಕು ರೈತನಿಗೆ ಹತ್ತಿರವಾಯಿತೇ, ದೂರವಾಯಿತೇ?
– ಒಬ್ಬ ಓದುಗರು, ಆಳಂದ ತಾಲ್ಲೂಕು, ಕಲಬುರಗಿ ಜಿಲ್ಲೆ

ಉತ್ತರ: ಹಣ ಹೆಚ್ಚಾಗಿದೆ, ಆದರೆ ಅದರ ದೊಡ್ಡ ಪಾಲು ಸಣ್ಣ ಹಿಡುವಳಿದಾರನ ಕೈಗೆ ಬಂದಿಲ್ಲ. ಬ್ಯಾಂಕುಗಳಿರುವ ಊರಿನಲ್ಲಿ ಒಂದು ಶಾಖೆ ತೆರೆಯಬೇಕಾದರೆ ಬ್ಯಾಂಕಿಲ್ಲದ ಊರುಗಳಲ್ಲಿ ನಾಲ್ಕು ತೆರೆಯಬೇಕೆಂದು 1977ರಲ್ಲಿ ಬಂದಿದ್ದ ನಿಯಮವನ್ನು 1990ರಲ್ಲಿ ಕೈಬಿಡಲಾಯಿತು. ಮರುವರ್ಷ ಬ್ಯಾಂಕಿಂಗ್ ಸುಧಾರಣೆಗೆಂದು ನೇಮಕವಾದ ನರಸಿಂಹಂ ಸಮಿತಿಯು ಆದ್ಯತಾ ವಲಯದ ಸಾಲವನ್ನು (ಕೃಷಿ, ಸಣ್ಣ ಉದ್ಯಮದಂಥ ವಲಯಗಳಿಗೆ ಬ್ಯಾಂಕುಗಳು ತಮ್ಮ ಸಾಲದಲ್ಲಿ ಕಡ್ಡಾಯವಾಗಿ ಮೀಸಲಿಡಬೇಕಾದ ಪಾಲು) ಶೇ 40ರಿಂದ ಶೇ 10ಕ್ಕೆ ಇಳಿಸಲು ಸಲಹೆ ಮಾಡಿತು. ಸರ್ಕಾರ ಅದನ್ನು ಒಪ್ಪಲಿಲ್ಲ. ಅದರೊಳಗೆ ಕೃಷಿಗಿದ್ದ ಶೇ 18ರ ಗುರಿಯೂ ಹಾಗೆಯೇ ಉಳಿಯಿತು.

ಬದಲಾದದ್ದು ಯಾವ ಸಾಲವನ್ನು ಕೃಷಿ ಸಾಲವೆಂದು ಎಣಿಸಬೇಕೆಂಬ ಲೆಕ್ಕ. ಉಗ್ರಾಣ, ಶೀತಲಗೃಹ, ಗೊಬ್ಬರದ ವ್ಯಾಪಾರಿಗಳಿಗೆ ಕೊಟ್ಟ ಸಾಲಗಳಿಗೂ ಅದರಲ್ಲಿ ಜಾಗ ದೊರೆತ ಕಾರಣ, ಹತ್ತಾರು ಸಣ್ಣ ರೈತರ ಕಾಗದಪತ್ರ ನೋಡುವುದಕ್ಕಿಂತ ಒಂದೇ ದೊಡ್ಡ ಸಾಲ ಕೊಟ್ಟು ಗುರಿ ಮುಟ್ಟುವುದು ಬ್ಯಾಂಕಿಗೆ ಸುಲಭವಾಯಿತು. ಗುರಿ ತಪ್ಪಿದ ಬ್ಯಾಂಕುಗಳು ಕೊರತೆಯಾದಷ್ಟು ಹಣವನ್ನು ನಬಾರ್ಡ್‌ (ಕೃಷಿ ಮತ್ತು ಗ್ರಾಮೀಣಾಭಿವೃದ್ಧಿಯ ರಾಷ್ಟ್ರೀಯ ಬ್ಯಾಂಕು) ನಡೆಸುವ ಗ್ರಾಮೀಣ ಮೂಲಸೌಕರ್ಯ ನಿಧಿಯಲ್ಲಿ ಇಡುವ ವ್ಯವಸ್ಥೆ 1995ರಲ್ಲಿ ಬಂತು. ಅದರಿಂದ ರಸ್ತೆ, ಸೇತುವೆಗಳಾದವು, ಅವು ಬೇಕಾದವೇ. ಆದರೆ ಜೂನ್ ತಿಂಗಳಲ್ಲಿ ಬೀಜ ಕೊಳ್ಳಲು ಆ ಹಣ ಒದಗುವುದಿಲ್ಲ.

ಅಡತಿಯವರು ಪಹಣಿ ಕೇಳುವುದಿಲ್ಲ, ಬೇಬಾಕಿ ಪತ್ರ (ಬೇರೆಡೆ ಸಾಲ ಬಾಕಿ ಇಲ್ಲವೆಂಬ ಪ್ರಮಾಣಪತ್ರ) ಕೇಳುವುದಿಲ್ಲ. ಬಿತ್ತನೆಗೆ ಕೊಟ್ಟದ್ದನ್ನು ಜನವರಿಯಲ್ಲಿ ತೊಗರಿ ಮಾರುಕಟ್ಟೆಗೆ ಬಂದಾಗ ಬಡ್ಡಿಸಹಿತ ಮುರಿದುಕೊಳ್ಳುತ್ತಾರೆ. ಸಾಲ ಇರುವವರೆಗೂ ಮಾಲನ್ನು ಬೇರೆ ಅಂಗಡಿಗೆ ಒಯ್ಯುವ ಸ್ವಾತಂತ್ರ್ಯ ರೈತನಿಗಿರುವುದಿಲ್ಲ, ಮತ್ತು ನನ್ನ ದೃಷ್ಟಿಯಲ್ಲಿ ಬಡ್ಡಿಗಿಂತಲೂ ದೊಡ್ಡ ನಷ್ಟ ಅದೇ.

ಸಣ್ಣ ಮತ್ತು ಅತಿಸಣ್ಣ ರೈತರಿಗೆಂದೇ 2015ರಲ್ಲಿ ಶೇ 8ರ ಉಪಗುರಿ ನಿಗದಿಯಾಗಿ, ಮುಂದೆ ಅದು ಶೇ 10ಕ್ಕೆ ಏರಿದ್ದು ಬಹಳ ತಡವಾಗಿ ಬಂದ ನ್ಯಾಯ. ಅಲ್ಲಿಯೂ ಲಾವಣಿಗೆ, ಅಂದರೆ ಗೇಣಿಗೆ, ಹೊಲ ಮಾಡುವವರು ಹೊರಗುಳಿಯುತ್ತಾರೆ. 1974ರಲ್ಲಿ ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿಯಿಂದ ಗೇಣಿ ನಿಷೇಧವಾಗಿರುವುದರಿಂದ ಹೊಲದ ಒಡೆಯರು ಏನನ್ನೂ ಬರೆದುಕೊಡುವುದಿಲ್ಲ. ಇದು ಉದಾರೀಕರಣಕ್ಕಿಂತ ಹಳೆಯ ತೊಡಕು.

ಪಹಣಿ ತಮ್ಮ ಹೆಸರಿನಲ್ಲಿದ್ದರೆ ಕಿಸಾನ್ ಕ್ರೆಡಿಟ್ ಕಾರ್ಡಿಗೆ ಅರ್ಜಿ ಹಾಕಿರಿ. 2025ರ ಜನವರಿಯಿಂದ 2 ಲಕ್ಷ ರೂಪಾಯಿವರೆಗಿನ ಸಾಲಕ್ಕೆ ಜಮೀನು ಅಡವಿಡಬೇಕಾಗಿಲ್ಲ. 3 ಲಕ್ಷದವರೆಗಿನ ಬೆಳೆ ಸಾಲಕ್ಕೆ ಬಡ್ಡಿ ಶೇ 7, ಗಡುವಿನೊಳಗೆ ಕಟ್ಟಿದರೆ ಶೇ 4. ಪಹಣಿ ಇಲ್ಲದವರು ಜಂಟಿ ಬಾಧ್ಯತಾ ಗುಂಪಿನ (ಒಬ್ಬರ ಸಾಲಕ್ಕೆ ಉಳಿದವರೂ ಹೊಣೆಯಾಗುವ ಸಣ್ಣ ಗುಂಪು) ಮೂಲಕ ಕೇಳಬಹುದು. ಅರ್ಜಿ ಕೊಟ್ಟಾಗ ಸ್ವೀಕೃತಿಯನ್ನೂ, ಸಾಲ ನಿರಾಕರಿಸಿದರೆ ಅದರ ಕಾರಣವನ್ನೂ ಬರಹದಲ್ಲಿಯೇ ಪಡೆಯಿರಿ.